ಮೂಲೆ ಮಂಟಪದ ಪಾಳಿ

ಈಗ ನಾನಿರುವ ಊರಿನಲ್ಲಿ ಕಲ್ಲುಗಳು, ಯಾರು ಬರಲಿ ಬಿಡಲಿ, ನಿಂತಲ್ಲೇ ನಿಂತಿರುತ್ತವೆ. ಬಂದ ಹೊಸತರಲ್ಲಿ ನನಗಿದು ಬಹಳ ಸೋಜಿಗವೆನಿಸುತ್ತಿತ್ತು. ಬಸ್ ನಿಲ್ದಾಣದ ಹಿಂದೆ ಒಂದು ಹಾಳು ಗುಡಿಯಿದೆ. ವರ್ಷಗಟ್ಟಲೆ ಅದರತ್ತ ಯಾರೂ ತಲೆಹಾಕಿದ್ದಿಲ್ಲ, ಆದರೂ ಅದರ ಮೆಟ್ಟಿಲು ಮೆಟ್ಟಿಲಿನ ಜಾಗದಲ್ಲೇ ಇದೆ. "ಇಲ್ಲಿ ಕಲ್ಲಿಗೆ ಮಾನ ಮರ್ಯಾದಿ ಏನೂ ಇಲ್ಲ ಬಿಡ್ರಿ" ಎಂದು ನನ್ನ ಹೆಂಡತಿ ನಗುತ್ತಾಳೆ.

ನಮ್ಮೂರು ಹಾಗಿರಲಿಲ್ಲ. ಅಲ್ಲಿ ಹಳೆಯ ಕಟ್ಟಡವನ್ನು ಯಾರೂ ಬಂದು ನೋಡದೆ ಹೋದರೆ ಅದು ಮಣ್ಣಿಗೆ ಇಳಿದುಬಿಡುತ್ತಿತ್ತು. ಬೀಳುವುದಿಲ್ಲ, ಬಿರುಕು ಬಿಡುವುದಿಲ್ಲ. ಕೆಸರಿನಲ್ಲಿ ಎಮ್ಮೆ ಕೂತ ಹಾಗೆ ಸಾವಕಾಶವಾಗಿ ಕೂರುತ್ತ ಹೋಗುತ್ತಿತ್ತು. ಸುತ್ತಲಿನ ಮಣ್ಣು ಒಳಗೆ ತುಂಬಿಕೊಳ್ಳುತ್ತಿತ್ತು, ಅದರ ಮೇಲೆ ಹುಲ್ಲು ಬರುತ್ತಿತ್ತು. ಒಮ್ಮೆ ಇಳಿದದ್ದು ಮತ್ತೆ ಎದ್ದ ಉದಾಹರಣೆ ಇರಲಿಲ್ಲ. ಊರ ಕೋಟೆಯೊಳಗಿನ ತೋಟದಲ್ಲಿ ಇಂಥ ಕಟ್ಟಡಗಳು ಇಪ್ಪತ್ತೇಳಿದ್ದವು. ನಾನು ಹುಟ್ಟುವ ಮೊದಲೇ ಉಪ್ಪಿನ ಕೋಠಿ ಪೂರ್ತಿ ಇಳಿದು ತಾರಸಿ ಮಾತ್ರ ನೆಲಮಟ್ಟಕ್ಕೆ ಉಳಿದಿತ್ತು. ಬೇಸಿಗೆಯಲ್ಲಿ ಆ ಓಣಿಯ ಹೆಂಗಸರು ಅದರ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದರು. ನನ್ನ ಅಜ್ಜಿ ಮಾತ್ರ ಅಲ್ಲಿ ಕಾಲಿಡುತ್ತಿರಲಿಲ್ಲ. ಆಕೆಗೆ ಆ ಕೋಠಿಯ ಬಾಗಿಲು ನೆನಪಿತ್ತು.

ಹೀಗಾಗಿ ಊರಿನಲ್ಲಿ ಪಾಳಿ ಎಂಬುದೊಂದಿತ್ತು. ತಿಂಗಳಿಗೆ ಒಂದು ದಿನ, ಮನೆಗೊಬ್ಬರು, ಚೀಟಿಯಲ್ಲಿ ಬರೆದ ಕಟ್ಟಡಕ್ಕೆ ಹೋಗಿ ಅರ್ಧ ಗಂಟೆ ಇದ್ದು ಬರಬೇಕು. ಜನ ಅದಕ್ಕೆ ಎಷ್ಟು ಒಗ್ಗಿಹೋಗಿದ್ದರೆಂದರೆ ಪಾಳಿಯಿಲ್ಲದ ಬದುಕನ್ನು ಯಾರೂ ಯೋಚಿಸುತ್ತಿರಲಿಲ್ಲ. ಗಂಡ ಹೆಂಡತಿ ಜಗಳವಾಡಿದ್ದರೆ ಹಿರಿಯರು ಇಬ್ಬರನ್ನೂ ಕೂಡಿಯೇ ಪಾಳಿಗೆ ಕಳಿಸುತ್ತಿದ್ದರು. ಹೆಣ್ಣು ನೋಡುವ ಶಾಸ್ತ್ರಗಳು ಕಾರಂಜಿ ಮನೆಯಲ್ಲಿ ಆಗುತ್ತಿದ್ದವು. ಗರಡಿಯ ಹುಡುಗರು ನಗಾರಿಖಾನೆಯ ಮೆಟ್ಟಿಲ ಮೇಲೆ ದಂಡ ಹೊಡೆಯುತ್ತಿದ್ದರು. ಶಾಲೆಯಲ್ಲಿ "ಪಾಳಿ ಐತ್ರಿ" ಎಂದರೆ ಮಾಸ್ತರರು ಮರುಮಾತಿಲ್ಲದೆ ರಜೆ ಕೊಡುತ್ತಿದ್ದರು. ಬಾಯಾಡಿಸಲು ಹುರಿದ ಶೇಂಗಾ ಒಯ್ಯುವುದು ರೂಢಿ. ಸಂಜೆ ತೋಟದ ತುಂಬ ಶೇಂಗಾ ಸಿಪ್ಪೆ ಗಾಳಿಗೆ ಓಡಾಡುವ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ನಾನು ಗದಿಗೆಪ್ಪ, ಆ ತೋಟದ ಪಾಳಿ ಗುಮಾಸ್ತ. ಚೀಟಿ ಬರೆಯುವುದು, ಬಾಗಿಲಲ್ಲಿ ಪುಸ್ತಕ ಇಟ್ಟುಕೊಂಡು ಸಹಿ ಹಾಕಿಸುವುದು, ಪ್ರತಿ ಶನಿವಾರ ಟೇಪು ಹಿಡಿದು ಇಪ್ಪತ್ತಾರು ಕಟ್ಟಡಗಳ ಬುಡ ಅಳೆಯುವುದು ನನ್ನ ಕೆಲಸ. ಪ್ರತಿಯೊಂದರ ಬುನಾದಿಯ ಮೇಲೂ ಒಂದು ಕೆಂಪು ಗೆರೆ ಬಳಿದಿತ್ತು. ನೆಲದಿಂದ ಗೆರೆಗೆ ಎಷ್ಟು ಬೆರಳು ಎಂದು ನೋಡಿ ಬರೆದರೆ ಆಯಿತು. ಹನ್ನೊಂದು ವರ್ಷ ಬಗ್ಗಿ ಬಗ್ಗಿ ಅಳೆದೆ. ನನ್ನ ಅಕ್ಷರ ದುಂಡಗೆ, ಅಚ್ಚು ಹಾಕಿದ ಹಾಗಿರುತ್ತಿತ್ತು. ತೋಟದ ಎಲ್ಲ ಬೋರ್ಡುಗಳೂ ನನ್ನವೇ. ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಇಪ್ಪತ್ತಾರರಲ್ಲಿ ಯಾರಿಗೂ ಬೇಡವಾದದ್ದು ಮೂಲೆ ಮಂಟಪ. ಆನೆ ಹೊಂಡ ದಾಟಿ, ಹುಣಸೆ ಮರಗಳ ಸಾಲು ಮುಗಿದ ಮೇಲೆ, ಕೋಟೆ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ ಎಂಟು ಕಂಬದ ಸಣ್ಣ ಮಂಟಪ ಅದು. ಬಾಗಿಲಿನಿಂದ ನಡೆದರೆ ಇಪ್ಪತ್ತು ನಿಮಿಷ. ರಾಜ ಅಲ್ಲಿ ಏನೂ ಮಾಡಿದ್ದಿಲ್ಲ, ಯುದ್ಧ ಆಗಿದ್ದಿಲ್ಲ, ಹೇಳಿಕೊಳ್ಳಲು ಒಂದು ಕಥೆಯೂ ಇರಲಿಲ್ಲ. ಚೀಟಿಯಲ್ಲಿ ಮೂಲೆ ಮಂಟಪ ಬಂದವರು ನನ್ನ ಮುಂದೆ ಬಂದು ಗೊಣಗುತ್ತಿದ್ದರು: "ಏನ್ರೀ ಗುಮಾಸ್ತ್ರ, ನಮ್ಮ ಮ್ಯಾಲ ಏನ್ ಸಿಟ್ಟು?"

ಅಂಥ ಮಂಟಪವನ್ನು ಕೇಳಿ ಪಡೆದವರು ನಿಂಬೆಕ್ಕ. ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತಾರು ವರ್ಷ ಆಪರೇಟರ್ ಆಗಿದ್ದವರು. ನಂಬರು ಗೊತ್ತಿಲ್ಲದಿದ್ದರೂ ಹೆಸರು ಹೇಳಿದರೆ ಸಾಕು, ಜೋಡಿಸಿಕೊಡುತ್ತಿದ್ದರು. ಯಾರು ಮನೆಯಲ್ಲಿಲ್ಲ, ಯಾರು ಊರಿಗೆ ಹೋಗಿದ್ದಾರೆ ಎಂಬುದನ್ನೂ ಅವರೇ ಹೇಳಿಬಿಡುತ್ತಿದ್ದರು. ಊರವರು ಅವರನ್ನು ಕರೆಯುತ್ತಿದ್ದದ್ದೇ ಫೋನ್ ನಿಂಬೆವ್ವ ಎಂದು. ಕಣ್ಣಿನೊಳಗೆ ಒತ್ತಡ ಏರಿ ಏರಿ, ಐವತ್ತನ್ನು ಮುಟ್ಟುವ ಹೊತ್ತಿಗೆ ಎರಡೂ ಕಣ್ಣು ಹೋದವು. ಒಂದು ವರ್ಷ ಹೊರಗೆ ಕಾಣಲಿಲ್ಲ. ಮರುವರ್ಷ ಎಲ್ಲಿಗೋ ದೂರದ ಊರಿಗೆ ಹೋಗಿ ಎರಡು ತಿಂಗಳಿದ್ದು, ತಿರುಗಿ ಬರುವಾಗ ಒಂದು ನಾಯಿಯೊಂದಿಗೆ ಬಂದರು.

ಬೂದು ಬಣ್ಣದ, ಎತ್ತರದ ನಾಯಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡು. ಎದೆಗೂ ಬೆನ್ನಿಗೂ ಚರ್ಮದ ಪಟ್ಟಾ, ಅದಕ್ಕೆ ಬಿಗಿಯಾದ ಹಿಡಿಕೆ. ನಿಂಬೆಕ್ಕ ಆ ಹಿಡಿಕೆ ಹಿಡಿದರೆಂದರೆ ನಾಯಿಯ ಮುಖವೇ ಬೇರೆಯಾಗುತ್ತಿತ್ತು. ಮುಂದೆ ಅಳಿಲು ಓಡಿದರೂ ತಿರುಗಿ ನೋಡುತ್ತಿರಲಿಲ್ಲ. ಮೆಟ್ಟಿಲು ಬಂದರೆ ನಿಲ್ಲುತ್ತಿತ್ತು, ತಗ್ಗು ಬಂದರೆ ಸುತ್ತಿ ಒಯ್ಯುತ್ತಿತ್ತು, ಸೈಕಲ್ಲು ಬಂದರೆ ತಾನೇ ಅಡ್ಡ ನಿಂತುಬಿಡುತ್ತಿತ್ತು. ಆ ಗತ್ತು ನೋಡಿ ಓಣಿಯವರೇ ಅದಕ್ಕೆ ದಫೇದಾರ ಎಂದು ಹೆಸರಿಟ್ಟರು. ಜನ ಬಿಸ್ಕೀಟು ಚಾಚಿದರೆ ನಿಂಬೆಕ್ಕ ಗದರುತ್ತಿದ್ದರು: "ಡ್ಯೂಟಿ ಮ್ಯಾಲ ಅದಾನ್ರಿ, ಮಾತಾಡಸಬ್ಯಾಡ್ರಿ." ಜನ ನಾಚಿಕೊಂಡು, ಕಚೇರಿಯಲ್ಲಿ ಸಾಹೇಬರಿಗೆ ದಾರಿ ಬಿಟ್ಟಂತೆ ದಫೇದಾರನಿಗೆ ದಾರಿ ಬಿಡುತ್ತಿದ್ದರು.

ಹಾಗೆ ಒಂದು ಬೆಳಿಗ್ಗೆ ಅವರಿಬ್ಬರೂ ನನ್ನ ಮೇಜಿನ ಮುಂದೆ ಬಂದು ನಿಂತರು.

"ಗದಿಗೆಪ್ಪನವರ, ಮೂಲಿ ಮಂಟಪ ಯಾರಿಗೂ ಬ್ಯಾಡಂತ. ನನ್ನ ಹೆಸರಿಗೆ ಬರದ್ಬಿಡ್ರಿ."

"ಯಾವ ತಿಂಗಳಿಗ್ರಿ ಅಕ್ಕಾರ?"

"ತಿಂಗಳ ಯಾಕ್ರಿ? ದಿನಾ ಬರ್ತೀನಿ. ಮಂದಿಗೆ ಯಾಕ ತ್ರಾಸು."

ನನಗೂ ಒಂದು ತಲೆನೋವು ಕಳೆಯಿತು. ಬರೆದುಕೊಟ್ಟೆ. ಅಲ್ಲಿಂದ ನಾಲ್ಕು ವರ್ಷ, ಜಡಿಮಳೆಯ ನಾಲ್ಕಾರು ದಿನ ಬಿಟ್ಟರೆ, ಬೆಳಿಗ್ಗೆ ಒಂಬತ್ತಕ್ಕೆ ದಫೇದಾರನ ಉಗುರಿನ ಸದ್ದು ಬಾಗಿಲ ಕಲ್ಲುಹಾಸಿನ ಮೇಲೆ ಟಕ ಟಕ ಎಂದು ಕೇಳುತ್ತಿತ್ತು. ನಾನು ಪುಸ್ತಕ ತಿರುಗಿಸಿ, ಅವರ ಬೆರಳನ್ನು ಗೆರೆಯ ಮೇಲಿಡುತ್ತಿದ್ದೆ. ಅವರು ಪೂರ್ತಿ ಹೆಸರು ಬರೆದು, ಕೊನೆಗೆ ಒಂದು ಚುಕ್ಕೆ ಇಟ್ಟು, "ನಡೀ" ಎನ್ನುತ್ತಿದ್ದರು. ಎರಡು ಗಂಟೆ ಬಿಟ್ಟು ಬರುತ್ತಿದ್ದರು. ಮೂಲೆ ಮಂಟಪದ ಕೆಂಪು ಗೆರೆ ಆ ನಾಲ್ಕು ವರ್ಷ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಜನ ತುಂಬಿರುತ್ತಿದ್ದ ಕಾರಂಜಿ ಮನೆಯೇ ಒಂದೆರಡು ಬೆರಳು ಇಳಿದಿತ್ತು, ಇದು ಇಳಿಯಲಿಲ್ಲ. ಯಾಕೆಂದು ನಾನು ಕೇಳಿಕೊಳ್ಳಲಿಲ್ಲ. ಅಳೆಯುವವನಿಗೆ ಅದೆಲ್ಲ ಯಾಕೆ ಎಂದುಕೊಂಡಿದ್ದೆ.

ಐದನೆಯ ವರ್ಷ ದೇಶಮಾನೆ ಎಂಬ ಹೊಸ ಅಧಿಕಾರಿ ಬಂದರು. ಕೆಟ್ಟವರಲ್ಲ, ಅಚ್ಚುಕಟ್ಟಿನ ಮನುಷ್ಯ. ಅವರು ಬಂದ ತಿಂಗಳೇ ಹೊರಗಿನಿಂದ ಯಾರೋ ದೊಡ್ಡವರು ತೋಟ ನೋಡಲು ಬಂದರು. ಎಲ್ಲಿಂದಲೋ ನುಗ್ಗಿದ ಬೀದಿನಾಯಿಯೊಂದು ಆ ದೊಡ್ಡವರ ಧೋತರದ ಚುಂಗು ಕಚ್ಚಿ ಹರಿಯಿತು. ಕಾಲಿಗೆ ಹಲ್ಲು ತಾಗಲಿಲ್ಲ, ಆದರೆ ಮರ್ಯಾದೆಗೆ ತಾಗಿತು. ಮರುದಿನವೇ ದೇಶಮಾನೆ ಸಾಹೇಬರು ನನಗೆ ಬೋರ್ಡ್ ಬರೆಯಲು ಹೇಳಿದರು. ಬಿಳಿಯ ಹಲಗೆ, ಕಪ್ಪು ಬಣ್ಣ: "ತೋಟದೊಳಗೆ ಪ್ರಾಣಿಗಳಿಗೆ ಪ್ರವೇಶವಿಲ್ಲ." ಪ್ರಾ ಅಕ್ಷರದ ಒತ್ತು ಬಹಳ ಚೆನ್ನಾಗಿ ಬಂದಿತ್ತು.

"ನಿಂಬೆಕ್ಕನ ನಾಯಿ ಐತಲ್ರಿ ಸಾಹೇಬ್ರ, ಅದು..." ಎಂದು ನಾನು ಬಾಯಿ ತೆರೆದೆ.

ಅವರು ಪುಸ್ತಕ ತೆರೆದು ಮೇಲಿನ ಅಂಕಣ ತೋರಿಸಿದರು. ಅಲ್ಲಿ "ನೋಡಿದವರ ಸಹಿ" ಎಂದಿತ್ತು. "ಕಣ್ಣಿಲ್ಲದವರು ನೋಡಿದೆ ಅಂತ ಸಹಿ ಹಾಕೂದು ಹೆಂಗ್ರಿ ಗದಿಗೆಪ್ಪ? ಇದು ಲೆಕ್ಕಕ್ಕ ಬರೂದಿಲ್ಲ. ಆ ಮಂಟಪಕ್ಕ ಬ್ಯಾರೆಯವ್ರನ್ನ ಹಾಕ್ರಿ. ಆಕಿಗೂ ಆರಾಮಾಗ್ತೈತಿ."

ನಾನು ತಲೆಯಾಡಿಸಿದೆ. ಆ ಹೊತ್ತಿಗೆ ಅದು ನನಗೆ ಸರಿಯಾಗಿಯೇ ಕಂಡಿತು. ಅದೇ ನನಗೆ ಈಗ ನಾಚಿಕೆ ತರುವ ಸಂಗತಿ.

ಬೋರ್ಡ್ ಹಾಕಿದ ಮರುಬೆಳಿಗ್ಗೆ ಒಂಬತ್ತಕ್ಕೆ ನಿಂಬೆಕ್ಕ, ದಫೇದಾರ ಟಕ ಟಕ ಎಂದು ಬಂದರು. ನಾನು ಎದ್ದು ಬಾಗಿಲಿಗೆ ಅಡ್ಡ ನಿಂತೆ. ದಫೇದಾರ ನಿಂತ. ಅವನು ನಿಂತದ್ದರಿಂದ ಅವರೂ ನಿಂತರು.

"ಅಕ್ಕಾರ, ಇವತ್ತಿಂದ ನಾಯಿ ಒಳಗ ಬಿಡಂಗಿಲ್ರಿ."

"ಇಂವ ಸುಮ್ಮನ ತಿರಗಾಕ ಬಂದಿಲ್ರಿ. ನೌಕರಿ ಮ್ಯಾಲ ಬಂದಾನ."

"ಬೋರ್ಡ್ ಹಾಕೈತ್ರಿ."

"ಬೋರ್ಡ್ ನನಗ ಹೆಂಗ ಕಾಣಬೇಕು? ಓದ್ರಿ."

ಓದಿದೆ. ಅವರು "ಅಕ್ಷರ ಯಾರ್ವು?" ಎಂದರು.

"ನನ್ವರಿ."

"ಚಂದ ಬಂದಿರಬೇಕು. ನೀವು ಓದೂ ದನಿಯೊಳಗ ಗೊತ್ತಾತು."

ನನ್ನ ಕಿವಿ ಬಿಸಿಯಾದವು. ಕಾವಲುಗಾರ ಯಾರಾದರೂ ಕೈ ಹಿಡಿದು ಮಂಟಪದವರೆಗೆ ಬಿಟ್ಟುಬರುತ್ತಾರೆ, ನಾಯಿ ಇಲ್ಲೇ ಕಟ್ಟಿರಲಿ ಎಂದೆ.

"ಬ್ಯಾಡ್ರಿ," ಎಂದರು. "ಮಂದಿ ಕೈ ಹಿಡದ್ರ ಮಂದಿ ನಡದಲ್ಲಿ ನಾ ನಡೀಬೇಕು. ಅವ್ರಿಗೆ ಅವಸರ ಆದ್ರ ನನಗೂ ಅವಸರ ಆಗಬೇಕು. ಇಂವ ಆದ್ರ ನಾ ಹೇಳಿದಲ್ಲಿ ಒಯ್ತಾನ, ನಾ ಕುಂತಷ್ಟ ಹೊತ್ತು ಕುಂದರ್ತಾನ." ಆಮೇಲೆ ದಫೇದಾರನಿಗೆ ಮೆಲ್ಲಗೆ "ಮನೀಗೆ" ಎಂದರು. ಅವನು ಬಾಗಿಲ ಕಡೆಗೊಮ್ಮೆ ಮೂತಿ ಚಾಚಿ, ಮತ್ತೊಮ್ಮೆ ಅವರ ಮೊಣಕಾಲಿಗೆ ಮೂತಿ ತಾಗಿಸಿದ. ನಾಲ್ಕು ವರ್ಷದಲ್ಲಿ ಅವನಿಗೆ ಆಜ್ಞೆಯನ್ನು ಎರಡು ಸಲ ಹೇಳಬೇಕಾದದ್ದು ಅದೊಂದೇ ದಿನ.

ಮೂಲೆ ಮಂಟಪದ ಪಾಳಿಯನ್ನು ನಾನು ಬೇರೆ ಮನೆಗಳಿಗೆ ಹಂಚಿದೆ. ಅವರು ಬಂದರು, ಬಾಗಿಲಲ್ಲೇ ಸಹಿ ಹಾಕಿದರು, ಅಲ್ಲಿಂದಲೇ ಹೊರಟರು. "ಅಷ್ಟ ದೂರ ಯಾರ್ ಹೋಗ್ತಾರ್ರಿ, ನೋಡಿದಂಗ ಆತ ಬಿಡ್ರಿ" ಎಂದರು. ನಾನು ಅದನ್ನೂ ಪಾಳಿಯೆಂದೇ ಬರೆದುಕೊಂಡೆ. ಮೊದಲ ಶನಿವಾರ ಅಳೆದಾಗ ಮಂಟಪ ಒಂದು ಬೆರಳು ಇಳಿದಿತ್ತು. ಎರಡನೆಯ ಶನಿವಾರ ಮೂರು. ನಾಲ್ಕು ವರ್ಷ ನಿಂತದ್ದನ್ನೆಲ್ಲ ಒಮ್ಮೆಲೇ ತೀರಿಸಿಕೊಳ್ಳುವ ಹಾಗೆ ಅದು ಇಳಿಯತೊಡಗಿತು. ಕೆಂಪು ಗೆರೆ ಮಣ್ಣಿನೊಳಗೆ ಹೋಯಿತು. ಆಮೇಲೆ ವಾರಕ್ಕೆ ಒಂದು ಗೇಣು. ನಾನು ಪುಸ್ತಕದಲ್ಲಿ ಹಳೆಯ ಅಳತೆಯನ್ನೇ, ಅದೇ ದುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದೆ. ದೀಪಾವಳಿಯ ಹೊತ್ತಿಗೆ ಬೋರ್ಡ್ ಹಾಕಿದ್ದು. ಹೋಳಿ ಹುಣ್ಣಿಮೆಗೆ ಮಂಟಪದ ಕಂಬಗಳು ನನ್ನ ಎದೆಯ ಮಟ್ಟಕ್ಕೆ ಬಂದಿದ್ದವು.

ಕಡೆಗೆ ತಡೆಯಲಾರದೆ ದೇಶಮಾನೆ ಸಾಹೇಬರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಮೂಲಿ ಮಂಟಪ ತಾನ? ಇಪ್ಪತ್ತೈದು ಉಳದಾವಲ್ಲ" ಎಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನೂ ಐದು ತಿಂಗಳು ಅದನ್ನೇ ಅಂದುಕೊಂಡಿದ್ದೆ.

ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲ ಹೇಳಿದೆ. ಸುಳ್ಳು ಅಳತೆ ಬರೆದದ್ದನ್ನೂ ಹೇಳಿದೆ. ಆಕೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಬರಿಯಾಕ ಬಂದಾವ್ರಿಗೆ ಅಳಸಾಕೂ ಬರಬೇಕು. ಹೋಗಿ ಆಕಿನ್ನ ಕೇಳ್ರಿ," ಎಂದಳು. ಅಷ್ಟೇ.

ನಿಂಬೆಕ್ಕನ ಮನೆ ಹಳೆಯ ಎಕ್ಸ್‌ಚೇಂಜಿನ ಹಿಂದಿನ ಓಣಿಯಲ್ಲಿತ್ತು. ನಾನು ಹೋದಾಗ ಅವರು ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಹೆಸರುಕಾಳು ಆರಿಸುತ್ತಿದ್ದರು. ಬೆರಳು ಕಾಳಿನ ಮೇಲೆ ಹರಿದಾಡಿ, ಹರಳು ಸಿಕ್ಕಾಗ ನಿಂತು, ಅದನ್ನು ಪಕ್ಕಕ್ಕೆ ಎಸೆಯುತ್ತಿತ್ತು. ದಫೇದಾರ ಪಟ್ಟಾ ಇಲ್ಲದೆ ಹೊಸ್ತಿಲ ಬಳಿ ಕಾಲು ಮೇಲೆ ಮಾಡಿ, ಹೊಟ್ಟೆ ತೋರಿಸಿ ಮಲಗಿದ್ದ. ನನ್ನನ್ನು ನೋಡಿ ಎದ್ದು, ಕಾಲು ಮೂಸಿ, ಬಾಲ ಬಡಿದ. ಅವನು ಬಾಲ ಆಡಿಸುವುದನ್ನು ನಾನು ಕಂಡದ್ದು ಅದೇ ಮೊದಲು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವರು, "ಬರ್ರಿ ಗದಿಗೆಪ್ಪನವರ. ಎಷ್ಟ ಇಳದೈತಿ?" ಎಂದರು.

"ಎದಿಮಟ ಬಂದೈತ್ರಿ."

ಬೆರಳು ಕಾಳಿನಲ್ಲಿ ನಿಂತಿತು. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

"ನೀವಾದ್ರೂ ಹೋಗಿ ಕುಂತಿದ್ರೇನು?"

"ಶನಿವಾರ ಶನಿವಾರ ಹೋಗಿದ್ದೆ ಅಕ್ಕಾರ."

"ಅಳಿಯಾಕ ಹೋಗಿದ್ರಿ."

ಅವರು ಮೊರ ಪಕ್ಕಕ್ಕಿಟ್ಟು ಗೋಡೆಗೆ ಒರಗಿ ಕೂತರು. ಆಮೇಲೆ ತಾವಾಗಿಯೇ ಮಾತಾಡಿದರು. ಎಕ್ಸ್‌ಚೇಂಜಿನಲ್ಲಿ ದಿನಕ್ಕೆ ಎಂಟು ತಾಸು ಕಿವಿಗೆ ಯಂತ್ರ ಹಾಕಿಕೊಂಡು ಕೂರಬೇಕಿತ್ತು. ಊರಿನ ಎಲ್ಲ ದನಿಗಳೂ ಅವರ ಕಿವಿಯ ಮೂಲಕವೇ ಹಾದು ಹೋಗುತ್ತಿದ್ದವು: ಹೆರಿಗೆ, ಸಾವು, ನೆಂಟಸ್ತನ, ತಗಾದೆ. ಕೆಲಸ ಮುಗಿದು ಮನೆಗೆ ಬಂದರೂ ತಲೆಯೊಳಗೆ ಯಾರೋ "ಹಲೋ, ಹಲೋ" ಎನ್ನುತ್ತಲೇ ಇರುತ್ತಿದ್ದರಂತೆ. ಒಂದು ಸಲ ಪಾಳಿ ಚೀಟಿಯಲ್ಲಿ ಮೂಲೆ ಮಂಟಪ ಬಂತು. ಹೋಗಿ ಕೂತರು. "ಅಲ್ಲಿ ಕಿವಿ ಖಾಲಿ ಆತ್ರಿ, ಕೊಡ ಬೋರಲು ಹಾಕಿದಂಗ. ಹುಣಸಿ ಎಲಿ ಉದರೂದೊಂದ ಕೇಳತಿತ್ತು. ಅವತ್ತು ಮನೀಗೆ ಬಂದು ಹತ್ತ ತಾಸು ಮಲಗೀನಿ." ಅಲ್ಲಿಂದ ಕಣ್ಣಿದ್ದಾಗಲೂ ಹೋದರು, ಇಲ್ಲದಾಗಲೂ ಹೋದರು. "ಮಂಟಪಕ್ಕ ನಾ ಬೇಕಂತ ಹೋಗಿಲ್ಲ. ನನಗ ಅದು ಬೇಕಾಗಿತ್ತು. ಅದಕ್ಕೂ ಅಷ್ಟ ಸಾಕಾಗಿತ್ತೋ ಏನೋ."

ನಾನು ತಲೆ ತಗ್ಗಿಸಿಯೇ ಹೇಳಿದೆ. ಮಧ್ಯಾಹ್ನ ಸಾಹೇಬರು ಊಟಕ್ಕೆ ಹೋಗಿರುತ್ತಾರೆ, ಹಿಂದಿನ ಸಣ್ಣ ಬಾಗಿಲು ತೆಗೆದಿಡುತ್ತೇನೆ, ನಾಯಿಯನ್ನೂ ಕರೆತನ್ನಿ, ಯಾರಿಗೂ ತಿಳಿಯುವುದಿಲ್ಲ ಎಂದೆ.

"ಇಲ್ರೀ," ಎಂದರು. ದನಿ ಏರಲಿಲ್ಲ, ಫೋನಿನಲ್ಲಿ "ಲೈನ್ ಖಾಲಿ ಇಲ್ಲ" ಎನ್ನುತ್ತಿದ್ದರಲ್ಲ, ಅದೇ ದನಿ. "ದಫೇದಾರ ಕಳವು ಮಾಡಿಲ್ಲ. ಹಿಂದಿನ ಬಾಗಲದಾಗ ಅವನ್ನ ನುಸಳಿಸಿಕೊಂಡ ನಾ ಬರಂಗಿಲ್ಲ. ಮುಂದಿನ ಬಾಗಲಾ, ಒಂಬತ್ತರ ಹೊತ್ತಿಗೆ, ಸಹಿ ಹಾಕೇ ಬರ್ತೀನಿ. ಆಗ್ತಿದ್ರ ಹೇಳಿ ಕಳಸ್ರಿ. ಇಲ್ಲಂದ್ರ ಮಂಟಪದ ನಸೀಬು."

ಅಂದು ಸಂಜೆ ತೋಟ ಮುಚ್ಚುವ ಮೊದಲು ನಾನು ಬಣ್ಣದ ಡಬ್ಬಿ ತೆಗೆದೆ. ಬೋರ್ಡನ್ನು ಕಿತ್ತುಹಾಕುವ ಧೈರ್ಯ ನನ್ನಲ್ಲಿರಲಿಲ್ಲ. ಕೆಳಗೆ ಒಂದು ಸಾಲಿಗೆ ಜಾಗವಿತ್ತು. ಅಲ್ಲಿ ಬರೆದೆ: "ಕೆಲಸದ ಮೇಲೆ ಬಂದ ಪ್ರಾಣಿಗಳಿಗೆ ಈ ಮಾತು ಅನ್ವಯಿಸುವುದಿಲ್ಲ." ಅವಸರದಲ್ಲಿ ಸಾಲು ಸ್ವಲ್ಪ ಇಳಿಜಾರಾಯಿತು, ಹನ್ನೊಂದು ವರ್ಷದಲ್ಲಿ ನಾನು ಬರೆದ ಅತ್ಯಂತ ಕೆಟ್ಟ ಅಕ್ಷರ ಅದು. ಒಳಗೆ ಹೋಗಿ ಪುಸ್ತಕ ತೆರೆದು, "ನೋಡಿದವರ ಸಹಿ" ಎಂಬುದನ್ನು ಹೊಡೆದು "ಬಂದವರ ಸಹಿ" ಎಂದು ತಿದ್ದಿದೆ. ಐದು ತಿಂಗಳ ಸುಳ್ಳು ಅಳತೆಗಳ ಪಕ್ಕದಲ್ಲಿ ನಿಜವಾದವನ್ನು ಬರೆದು ಕೆಳಗೆ ನನ್ನ ಹೆಸರು ಹಾಕಿದೆ. ಇದಕ್ಕೆ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ದೇಶಮಾನೆ ಸಾಹೇಬರು ಬೋರ್ಡ್ ನೋಡಿದರು, ಪುಸ್ತಕ ನೋಡಿದರು, ನನ್ನನ್ನು ಕರೆದು ಏನೂ ಕೇಳಲಿಲ್ಲ. ಬೋರ್ಡ್ ಹಾಗೆಯೇ ಉಳಿಯಿತು. ಆ ವರ್ಷದ ಕೊನೆಗೆ ನನ್ನ ವರ್ಗಾವಣೆಯ ಕಾಗದ ಬಂತು. ಇಲ್ಲಿಗೆ, ಕಲ್ಲುಗಳು ಇಳಿಯದ ಈ ಊರಿಗೆ.

ಬೋರ್ಡ್ ತಿದ್ದಿದ ರಾತ್ರಿಯೇ ನಿಂಬೆಕ್ಕನಿಗೆ ಹೇಳಿ ಕಳಿಸಿದ್ದೆ. ಮರುದಿನ ಒಂಬತ್ತಕ್ಕೆ ಉಗುರಿನ ಸದ್ದು ಕೇಳಿತು. ಬಾಗಿಲ ಹತ್ತಿರ ಪಾಳಿಗೆ ಬಂದ ಏಳೆಂಟು ಜನ ಶೇಂಗಾ ತಿನ್ನುತ್ತ ನಿಂತಿದ್ದರು. ಎಲ್ಲರೂ ಬೋರ್ಡನ್ನೊಮ್ಮೆ, ದಫೇದಾರನನ್ನೊಮ್ಮೆ ನೋಡಿದರು. ನಿಂಬೆಕ್ಕ ನಿಂತು, "ಓದ್ರಿ" ಎಂದರು. ನಾನು ಎರಡೂ ಸಾಲು ಗಟ್ಟಿಯಾಗಿ ಓದಿದೆ.

"ಎರಡನೇದ್ದು ಸೊಟ್ಟ ಬಂದೈತೇನು?"

"ಹೌದ್ರಿ."

"ಇರಲಿ," ಎಂದು ಸಹಿ ಹಾಕಿದರು. ಚುಕ್ಕೆ ಇಟ್ಟರು. "ನಡೀ."

ನಾನು ಪುಸ್ತಕ ಮುಚ್ಚಿಟ್ಟು ಅವರ ಹಿಂದೆ ನಡೆದೆ. ಆನೆ ಹೊಂಡದ ದಂಡೆಯಲ್ಲಿ ಒಂದು ಕಲ್ಲು ಹೊಸದಾಗಿ ಜಾರಿ ದಾರಿಗೆ ಬಂದಿತ್ತು; ದಫೇದಾರ ಅದನ್ನು ಬಳಸಿ ಒಯ್ದ. ಹುಣಸೆಯ ಸಾಲಿನಲ್ಲಿ ಅವನು ಹೆಜ್ಜೆ ಚುರುಕು ಮಾಡಿದ. ಮಂಟಪದ ಮುಂದೆ ಮೂರು ಮೆಟ್ಟಿಲಿದ್ದ ಜಾಗಕ್ಕೆ ಬಂದು, ವಾಡಿಕೆಯಂತೆ ನಿಂತ. ನಿಂಬೆಕ್ಕ ಕಾಲು ಎತ್ತಿ ಮೆಟ್ಟಿಲ ಮೇಲೆ ಇಡಲು ಹೋದರು. ಮೆಟ್ಟಿಲಿರಲಿಲ್ಲ, ಬರೀ ಹುಲ್ಲಿತ್ತು. ಕಾಲು ಧೊಪ್ಪನೆ ನೆಲಕ್ಕೆ ಬಂತು. ಇನ್ನೆರಡು ಹೆಜ್ಜೆ ಹೋದ ಮೇಲೆ ದಫೇದಾರ ಅವರ ಕಾಲಿಗೆ ಅಡ್ಡವಾಗಿ ತಿರುಗಿ ಮತ್ತೆ ನಿಂತುಬಿಟ್ಟ, ತಳ್ಳಿದರೂ ಕದಲಲಿಲ್ಲ. ಅವರು ಕೈ ಮುಂದೆ ಚಾಚಿದರು. ಮಂಟಪದ ಸೂರಿನ ಅಂಚು ಅವರ ಎದೆಗೆ ಸರಿಯಾಗಿತ್ತು.

ಅದರ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. ಮದುವೆಯಾಗಿ ಹೋದ ಮಗಳು ಎಷ್ಟೋ ವರ್ಷಕ್ಕೆ ಬಂದು ತಾಯಿಯನ್ನು ಕಂಡಾಗ, ಇಷ್ಟು ಕುಗ್ಗಿದೆಯಲ್ಲ ಎಂದು ಹೆಗಲು ಸವರುತ್ತಾಳೆ ನೋಡಿ, ಹಾಗೆ ಸವರಿದರು. ನಾನು ಇಪ್ಪತ್ತು ಹೆಜ್ಜೆ ದೂರ ನಿಂತು ಹುಣಸೆಯ ಕಾಂಡವನ್ನು ಉಗುರಿನಿಂದ ಕೆರೆಯುತ್ತಿದ್ದೆ. ಆಮೇಲೆ ಅವರು ಬಗ್ಗಿ, ದಫೇದಾರನ ಪಟ್ಟಾ ಬಿಚ್ಚಿ ಹುಲ್ಲಿನ ಮೇಲಿಟ್ಟರು. ಸೀರೆಯ ನೆರಿಗೆ ಸಿಕ್ಕಿಸಿಕೊಂಡು, ಮೊಣಕಾಲೂರಿ, ಸೂರಿನ ಕೆಳಗೆ ತೂರಿ ಒಳಗೆ ಹೋದರು. ದಫೇದಾರ ಹಿಂದೆಯೇ ನುಸುಳಿದ.

ಒಳಗೆ ಅಳುತ್ತಿದ್ದಾರೇನೋ ಎಂದು ನನಗೆ ಹೆದರಿಕೆಯಾಯಿತು. ಹತ್ತಿರ ಹೋಗಿ, ಬಗ್ಗಿ, "ಅಕ್ಕಾರ?" ಎಂದೆ.

"ಗದಿಗೆಪ್ಪಾ," ಎಂದರು. ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲ ಸಲ. "ಇಲ್ಲಿ ಮ್ಯಾಲ ಏನೈತಿ ಇದು?"

ಒಳಗೆ ಇಣುಕಿದೆ. ಹುಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದರು. ಎರಡೂ ಕೈ ಮೇಲೆತ್ತಿದ್ದರು, ಅಂಗೈ ಮಂಟಪದ ಮಾಡಿಗೆ ತಾಗಿತ್ತು. ಮೊದಲು ಅದು ಎರಡಾಳೆತ್ತರದಲ್ಲಿತ್ತು. ಮಬ್ಬುಗತ್ತಲು, ಮಸಿ, ಜೇಡರ ಬಲೆ. ಬುಡ ಅಳೆಯಲು ಬಂದ ನಾನು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕತ್ತು ಎತ್ತಿರಲಿಲ್ಲ. ಕಣ್ಣಿದ್ದ ಕಾಲದಲ್ಲಿ ಅವರೂ ಎತ್ತಿರಲಿಲ್ಲವಂತೆ. "ಕಣ್ಣ ಮುಚ್ಚಿಕೊಂಡ ಕುಂದರತಿದ್ದೆ," ಎಂದರು.

"ಹಕ್ಕಿ ಇದ್ದಂಗ ಅದಾವ್ರಿ," ಎಂದೆ.

"ಹಂಸ. ಕೊಕ್ಕು ನೋಡು. ಸಾಲಾಗಿ, ಸುತ್ತ ಹಾಕ್ಯಾರ. ಒಂದರ ಬಾಲ ಇನ್ನೊಂದು ಹಿಡದೈತಿ." ಬೆರಳು ಒಂದೊಂದರ ಬೆನ್ನ ಮೇಲೂ ಹರಿದು ಹೋಗುತ್ತಿತ್ತು. ಗರಿ ಗರಿ ಎಣಿಸುತ್ತಿತ್ತು. ಹತ್ತನೆಯದೋ ಹನ್ನೊಂದನೆಯದೋ ಹಂಸಕ್ಕೆ ಬಂದು ಬೆರಳು ನಿಂತಿತು. ಹಿಂದೆ ಹೋಯಿತು, ಮತ್ತೆ ಮುಂದೆ ಬಂತು. ಆಮೇಲೆ ನಿಂಬೆಕ್ಕ ನಕ್ಕರು. ನಾಲ್ಕು ವರ್ಷದಲ್ಲಿ ನಾನು ಆ ನಗೆ ಕೇಳಿರಲಿಲ್ಲ. ಮಂಟಪ ಸಣ್ಣದಾಗಿದ್ದರಿಂದ ಅದು ಒಳಗೆಲ್ಲ ತುಂಬಿಕೊಂಡಿತು.

"ಒಳಗ ಬಾ, ಕೈ ಕೊಡು."

ನನ್ನದು ದಪ್ಪ ಮೈ. ಹೇಗೋ ತೆವಳಿ ಒಳಗೆ ಸೇರಿದೆ. ದಫೇದಾರ ಸರಿದು ಜಾಗ ಕೊಟ್ಟು, ತನ್ನ ಮೂತಿಯನ್ನು ನನ್ನ ತೊಡೆಯ ಮೇಲಿಟ್ಟ. ನಿಂಬೆಕ್ಕ ನನ್ನ ಕೈ ಹಿಡಿದು ಆ ಹಂಸದ ಬೆನ್ನ ಮೇಲಿಟ್ಟರು. ಯಾರೂ ಹೇಳದೆ ನಾನು ಕಣ್ಣು ಮುಚ್ಚಿಕೊಂಡೆ. ಬೆರಳಿಗೆ ಕುತ್ತಿಗೆ ನುಣ್ಣಗೆ ಸಿಕ್ಕಿತು, ರೆಕ್ಕೆಯ ಮೊದಲ ಮೂರು ಗರಿ ಸಿಕ್ಕವು. ಅದರಾಚೆ ಉಳಿಯ ಒರಟು ಏಟುಗಳು, ಕೆತ್ತದೆ ಬಿಟ್ಟ ಕಲ್ಲು.

"ಇಲ್ಲೀತನಾ ಬಂದು ಊಟಕ್ಕ ಎದ್ದ ಹೋಗ್ಯಾನ ನೋಡು," ಎಂದರು ನಿಂಬೆಕ್ಕ. "ಎಷ್ಟ ನೂರು ವರ್ಷ ಆತೋ, ತಿರಗಿ ಬಂದಿಲ್ಲ. ಕೆಳಗ ನಿಂತವ್ರಿಗೆ ಕಾಣಂಗಿಲ್ಲಂತ ಗೊತ್ತಿತ್ತು ಅವ್ನಿಗೆ, ಕಳ್ಳ."

ನಾವಿಬ್ಬರೂ ನಕ್ಕೆವು. ನನ್ನ ಕಣ್ಣಲ್ಲಿ ನೀರೂ ಬಂತು. ಅವರಿಗೆ ಕಾಣುವುದಿಲ್ಲವೆಂದು ಒರೆಸಿಕೊಳ್ಳಲಿಲ್ಲ. ಆದರೆ ಅವರಿಗೆ ತಿಳಿಯಿತೆಂದು ಕಾಣುತ್ತದೆ, ಯಾಕೆಂದರೆ ನನ್ನ ಕೈಯನ್ನು ಆ ಒರಟು ಕಲ್ಲಿನ ಮೇಲೆಯೇ ಇನ್ನೂ ಸ್ವಲ್ಪ ಹೊತ್ತು ಒತ್ತಿ ಹಿಡಿದಿದ್ದರು.

ಮಂಟಪ ಆಮೇಲೆ ಇಳಿಯಲಿಲ್ಲ. ಏಳಲೂ ಇಲ್ಲ. ನಾನು ಊರು ಬಿಡುವವರೆಗೆ ಪ್ರತಿ ಶನಿವಾರ ಸೂರಿನಿಂದ ನೆಲಕ್ಕೆ ಅಳೆದೆ, ಅಷ್ಟಕ್ಕಷ್ಟೇ ಇತ್ತು. ಈಗಲೂ ಹಾಗೇ ಇದೆಯೆಂದು ಅಲ್ಲಿಂದ ಬಂದವರು ಹೇಳುತ್ತಾರೆ. ದಫೇದಾರ ತೀರಿಹೋದನಂತೆ, ನಿಂಬೆಕ್ಕನೊಂದಿಗೆ ಈಗ ಕಪ್ಪು ಬಣ್ಣದ ಬೇರೊಂದು ನಾಯಿ ಬರುತ್ತದಂತೆ. ಆ ನಾಯಿಯನ್ನು ನಾನು ನೋಡಿಲ್ಲ. ನೋಡಬೇಕೆಂದು ಆಸೆಯಿದೆ.

ಆದರೆ ಆ ಬೆಳಿಗ್ಗೆಯ ಮಾತನ್ನು ನಾನು ಪೂರ್ತಿ ಹೇಳಿಲ್ಲ. ನಾವು ಒಳಗೆ ಕೂತಿದ್ದಂತೆ ಹೊರಗೆ ಹುಲ್ಲಿನ ಮೇಲೆ ಕಾಲುಗಳು ಕಂಡವು. ಮೊದಲು ಎರಡು, ಆಮೇಲೆ ನಾಲ್ಕು, ಆಮೇಲೆ ಎಣಿಸಲಾಗದಷ್ಟು. ಬಾಗಿಲಲ್ಲಿ ಶೇಂಗಾ ತಿನ್ನುತ್ತಿದ್ದವರೆಲ್ಲ ದಫೇದಾರನ ಹಿಂದೆ ಅಷ್ಟು ದೂರ ನಡೆದು ಬಂದಿದ್ದರು. ಒಳಗಿನ ನಗೆ ಕೇಳಿ ಅವರಿಗೆ ತಡೆಯಲಾಗಿರಲಿಲ್ಲ. ಒಬ್ಬ ಹೆಂಗಸು ಬಗ್ಗಿ, ಸೂರಿನ ಕೆಳಗೆ ತಲೆಹಾಕಿ, "ಏನೈತ್ರೀ ಒಳಗ? ನಿಮ್ದು ಮುಗೀತಾ? ನಾವೂ ಬರೂದೈತಿ," ಎಂದಳು.

ನಿಂಬೆಕ್ಕ ಕೈ ಇಳಿಸಲಿಲ್ಲ. "ತಡೀರಿ," ಎಂದರು, "ಇನ್ನಾ ಏಳ ಹಂಸ ಅದಾವು."